ಜವಾಬು ಕೊಡುವವರು

ಬದ್ರೋದ್ದೀನ ಚಾಚಾ ಈಗ ಹಾಡುವುದಿಲ್ಲ. ಮದುವೆಗೆ ಕರೆದರೆ ಬರುತ್ತಾರೆ, ಬಾರಿಸುತ್ತಾರೆ, ಉಂಡು ಹೋಗುತ್ತಾರೆ. ಹಾಡಿರೆಂದು ಯಾರಾದರೂ ಗಂಟು ಬಿದ್ದರೆ "ಗಂಟಲಾ ಕೆಟ್ಟದ್ರಿ" ಅನ್ನುತ್ತಾರೆ. ಗಂಟಲು ಕೆಟ್ಟಿಲ್ಲ. ಗಾಂಧಿ ಗಂಜಿನ ಕಾಳಿನ ಪೇಟೆಯಿಂದ ತೊಗರಿ ಚೀಲ ಹೇರಿಕೊಂಡು ಕೈಗಾಡಿ ಎಳೆಯುತ್ತ "ಸರೀರಿ, ಸರೀರಿ" ಎಂದು ಅವರು ಕೂಗುವುದು ನಮ್ಮ ಸಾಲೆಯ ಒಳಗೂ ಕೇಳಿಸುತ್ತದೆ. ಆ ಕೂಗು ಕೇಳಿದಾಗೆಲ್ಲ ನಾನು ಕರಿಹಲಗೆಯ ಕಡೆ ತಿರುಗಿ ನಿಲ್ಲುತ್ತೇನೆ.

ಬೀದರ ಮೈಸೂರು ರಾಜ್ಯಕ್ಕೆ ಸೇರಿ ಈಗ ಒಂದು ವರ್ಷ. ಚಾಚಾ ಹಾಡು ಬಿಟ್ಟದ್ದು ಆಗಿನ ಮಾತು.

ನನ್ನ ಹೆಸರು ಮಾರ್ಗರೆಟ. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದು ಇಲ್ಲಿ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತೇನೆ. ರವಿವಾರ ನಮ್ಮ ಕ್ರೈಸ್ತ ದೇವಾಲಯದಲ್ಲಿ ಹಾರ್ಮೋನಿಯಂ ಪೇಟಿ ನುಡಿಸುತ್ತೇನೆ. ದೊಡ್ಡವರ ನಡುವೆ ನಿಂತು ಮಾತಾಡು ಎಂದರೆ ನನ್ನ ಬಾಯಿ ಒಣಗುತ್ತದೆ. ಪೇಟಿಯ ಹಿಂದೆ ಕೂತರೆ ಮಾತ್ರ ಬಾಗಿಲು ಮುಚ್ಚಿಕೊಂಡ ಹಾಗೆ ಧೈರ್ಯ. ಆದರೂ ದನಿ ಏಳುವುದಿಲ್ಲ. ನಮ್ಮ ಅವ್ವ ಸಾರಮ್ಮ ದವಾಖಾನೆಯಲ್ಲಿ ನರ್ಸು, ಬಾಯಿ ಜೋರು. "ನೀ ಹಾಡಿದ್ರ ದೇವರೂ ಕಿವಿಗಿ ಕೈ ಹಚ್ಚಿ ಕೇಳ್ಬೇಕಾಗ್ತದ ನೋಡು" ಎಂದು ನಗುತ್ತಿರುತ್ತಾಳೆ.

ರಾಜ್ಯ ಸೇರುವ ದಿನದ ಸಮಾರಂಭಕ್ಕೆ ಒಂದು ಕಮಿಟಿ ಆಗಿತ್ತು. ಅದರ ಸೆಕ್ರೆಟರಿ ಹಾವಗೆಪ್ಪ ವಕೀಲರು. ಕೋರ್ಟು, ಕಚೇರಿ, ಸಾಲೆ ಎಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಮನೆಮನೆಗೆ ಕನ್ನಡ ಅಂಕಲಿಪಿ ಹಂಚಿ ಪೆಟ್ಟು ತಿಂದವರು. ಕನ್ನಡವೆಂದರೆ ಅವರಿಗೆ ಪ್ರಾಣ. ತಮ್ಮ ಕನ್ನಡವೆಂದರೆ ನಾಚಿಕೆ. ಮೈಸೂರಿನ ಕಡೆಯ ಸಾಹೇಬರೊಬ್ಬರು ಅವರ ಮಾತು ಕೇಳಿ "ಇದು ಯಾವ ಭಾಷೆ ಸ್ವಾಮಿ?" ಅಂದಿದ್ದರಂತೆ. ಅದನ್ನು ಅವರು ನಗುನಗುತ್ತ ಹೇಳುತ್ತಿದ್ದರು, ಆದರೆ ಪ್ರತಿ ಸಲವೂ ಹೇಳುತ್ತಿದ್ದರು.

ಗಂಜಿನಲ್ಲಿ ಚಾಚಾನ ಹಾಡು ಮೊದಲು ಕೇಳಿದವರು ಅವರೇ. ಸೀದಾ ನಮ್ಮ ಸಾಲೆಗೆ ಬಂದು ಹೆಡ್‌ಮಿಸ್ಟ್ರೆಸ್ ದೊಡ್ಡ ಬಾಯಿಯವರ ಎದುರು ನನ್ನನ್ನು ಕರೆಸಿದರು.

"ಟೀಚರ, ನಿಮ್ಮ ಪೇಟಿ ಬೇಕು ನಮಗ. ಒಬ್ಬ ಹಬಶಿ ಕನ್ನಡದಾಗ ಹಾಡು ಕಟ್ಟ್ಯಾನ್ರಿ! ಮೈಸೂರಿನವರು ಬಾಯಿ ತಗದು ಕೂಡ್ಬೇಕು, ಹಂಗ ಮಾಡೂಣು."

ಚಾಚಾ ನಿಜಾಮನ ಹಬಶಿ ರಿಸಾಲೆಯ, ಅಂದರೆ ಆಫ್ರಿಕಾ ಮೂಲದವರ ಕುದುರೆ ಪಡೆಯ, ಬ್ಯಾಂಡಿನಲ್ಲಿದ್ದವರು. ಅವರ ಅಜ್ಜನನ್ನು ಜಂಜಿಬಾರದ ಕಡೆಯಿಂದ ಹಡಗಿನಲ್ಲಿ ತಂದು ಕುದುರೆ ಮೇಲೆ ಕೂಡಿಸಿದ್ದರು. ನಿಜಾಮನ ರಾಜ್ಯ ಹೋಯಿತು, ರಿಸಾಲೆ ಮುರಿಯಿತು, ಬ್ಯಾಂಡಿನವರಲ್ಲಿ ಒಬ್ಬರು ಮುಂಬಯಿ ಹಿಡಿದರೆ ಒಬ್ಬರು ಕರಾಚಿ ಹಿಡಿದರು. ಇವರು ಹೆಂಡತಿಯ ಊರೆಂದು ಬೀದರಿಗೆ ಬಂದರು. ಹೆಂಡತಿ ತೀರಿಕೊಂಡಳು. ಮಕ್ಕಳಿಲ್ಲ. ಉಳಿದದ್ದು ಮರ್ಫಾ ಅನ್ನುವ ಒಂದು ಸಣ್ಣ ನಗಾರಿ ಮತ್ತು ತಾಯಿಯ ತಾಯಿ, ನಾನಿಯಿಂದ ಬಂದ ಒಂದು ಹಾಡು.

ಆ ಹಾಡು ಜಂಜಿಬಾರದ ಕಡೆಯ ಹೆಂಗಸರು ಒನಕೆ ಹಾಕುವಾಗ ಹೇಳುತ್ತಿದ್ದದ್ದು. ಒಬ್ಬಾಕೆ ಕರೆಯಬೇಕು: "ಟ್ವೆಂಡೆ, ಮಾಮಾ, ಟ್ವೆಂಡೆ". ಹೋಗೋಣ ನಡೀ ಅವ್ವ ಎಂದರ್ಥ. ಉಳಿದವರು ಒನಕೆ ಇಳಿಸುತ್ತ "ಹಾಯಾ!" ಎಂದು ಜವಾಬು ಕೊಡಬೇಕು. ಹೂಂ ನಡಿ ಎಂದ ಹಾಗೆ. ಅದರ ಒಳಗೆ ಚಾಚಾ ಗಂಜಿನ ಹಮಾಲರು ಚೀಲ ಎತ್ತುವಾಗಿನ ಕೂಗು ತಂದರು. ನಗಾರಿಯ ಪೆಟ್ಟು ಹಬಶಿಯರದೇ, ಮೂರು ನೇರ ನಡೆದು ನಾಲ್ಕನೆಯದು ತಡೆದು ಬೀಳುವಂಥದ್ದು. ಮಾತು ಮಾತ್ರ ಇಲ್ಲಿಯದು:

"ಜ್ವಾಳದ ಚೀಲಾ ಭಾರ ಆತೋ..."
"ಹಾಯಾ, ನಾ ಹಿಡೀತೇನಿ!"
"ಹಾದಿ ತುಂಬಾ ಕಲ್ಲ ಅದಾವೋ..."
"ಹಾಯಾ, ನಾ ಬರ್ತೇನಿ!"
"ಯಾವೂರಾಂವ ಅಂತ ಕೇಳ್ತಾರೋ, ಏನ ಹೇಳಲೋ..."
"ಹಾಯಾ, ಇದ ಊರು!"

"ಇದು ನಾನೀದೂ ಅಲ್ಲ ಬೇಟಿ, ನಿಮ್ದೂ ಅಲ್ಲ. ಹೊಸಾದು" ಎಂದು ಮೊದಲ ದಿನ ಚಾಚಾ ಅಂದರು. ಹಾಗೆನ್ನುವಾಗ ಅವರ ಮುಖದಲ್ಲಿ ಹೊಸ ಅಂಗಿ ತೊಟ್ಟ ಹುಡುಗನ ನಾಚಿಕೆ ಇತ್ತು.

ತಾಲೀಮು ಸಾಲೆಯ ಕೋಣೆಯಲ್ಲಿ. ನಾನು, ಚಾಚಾ ಇಬ್ಬರೇ. ಕಿಟಕಿಯ ಹೊರಗೆ ವಕೀಲರು ಕಮಿಟಿಯವರೊಡನೆ ಮಾತಿನಲ್ಲಿ. ಚಾಚಾ ಕರೆದರು, "ಜ್ವಾಳದ ಚೀಲಾ ಭಾರ ಆತೋ". ಜವಾಬಿನ ಜಾಗ ಬಂತು. ಅಲ್ಲಿ ಯಾರೂ ಇಲ್ಲವಲ್ಲ ಎಂದು ನಾನು ದೇವಾಲಯದ ರೂಢಿಯಂತೆ ಪೇಟಿಯಿಂದ ಆ ಜಾಗ ತುಂಬಿದೆ. ಚಾಚಾ ಅಂಗೈಯನ್ನು ನಗಾರಿಯ ಮೇಲೆ ಒತ್ತಿ ದನಿ ಕಟ್ಟಿಬಿಟ್ಟರು.

"ಬ್ಯಾಡ ಬೇಟಿ."

"ಯಾಕ್ರಿ ಚಾಚಾ? ಖಾಲಿ ಬಿದ್ದದಲ್ರಿ?"

"ಖಾಲಿನ ಇರ್ಬೇಕು. ಅದು ಮಂದಿ ಜಾಗಾ. ಅಲ್ಲಿ ನಾವು ಕೂಡಬಾರದು."

"ಮತ್ತ ಯಾರೂ ಜವಾಬು ಕೊಡಲಿಲ್ಲಂದ್ರ?"

"ನಿಲ್ಲೋದು." ಚಾಚಾ ನಕ್ಕರು. "ನಮ್ಮ ನಾನಿ ಒಮ್ಮೆ ಎತ್ತಿದ ಒನಕಿ ಎತ್ತೇ ಹಿಡದು ನಿಂತಿದ್ಳಂತ. ಎದುರಿಗಿ ಸೊಸಿ, ಮುಖಾ ಗಂಟ ಹಾಕ್ಕೊಂಡು. ಆಕಿ ಜವಾಬು ಕೊಡವಲ್ಲಳು, ಈಕಿ ಒನಕಿ ಇಳಸವಲ್ಲಳು. ಅವತ್ತ ಮನ್ಯಾಗ ಎಲ್ಲಾರೂ ಉಪಾಸ."

"ಆಮ್ಯಾಲ?"

"ಸೊಸೀಗಿ ಹಸಿವಿ ಆಗ್ಯಾದ, ಹಾಯಾ ಅಂದಾಳ."

ನಾನೂ ನಕ್ಕೆ. ಆಗ ಅವರು ನಗಾರಿಯ ಚರ್ಮ ಸವರುತ್ತ ಹೇಳಿದರು. ಕರೆದವನು ತನ್ನ ಜವಾಬನ್ನು ತಾನೇ ಹೇಳಬಾರದು. ಹಾಗೆ ಹೇಳುವುದು ಸಾವಿನ ಮನೆಯಲ್ಲಿ ಮಾತ್ರ. ಮಯ್ಯತ್ ಎತ್ತುವ ಮೊದಲು ಮನೆಯ ಹಿರಿಯರು ಸತ್ತವರು ಎತ್ತುತ್ತಿದ್ದ ಹಾಡನ್ನು ಒಮ್ಮೆ ಕರೆದು, ತಾವೇ ಜವಾಬು ಕೊಟ್ಟು ಮುಗಿಸುತ್ತಾರೆ.

"ಆಮ್ಯಾಲ ಆ ಹಾಡು ಯಾರೂ ಎತ್ತೋದಿಲ್ಲ. ಮಣ್ಣು ಕೊಟ್ಟಂಗ. ನಮ್ಮ ಬ್ಯಾಂಡಿನಾಗ ಹಂಗ ಎಷ್ಟು ಹೋದ್ವು. ಇದೊಂದು ಉಳದದ. ನಾ ಸತ್ರ ಇದಕ್ಕ ಮಣ್ಣು ಕೊಡ್ಲಿಕ್ಕೂ ಯಾರಿಲ್ಲ. ಅದಕ್ಕ ಬೇಟಿ, ಒಂದು ಊರೇ ಇದಕ್ಕ ಜವಾಬು ಕೊಡೂದು ಕಲ್ತಿತಂದ್ರ..." ಮಾತು ಅಲ್ಲಿಗೇ ಬಿಟ್ಟು ನಗಾರಿಯನ್ನು ಬಿಸಿಲಿಗೆ ಇಡಲು ಎದ್ದರು.

ನವೆಂಬರ ಒಂದನೇ ತಾರೀಖಿನ ಮೊದಲು ಸಮಾರಂಭದ ಸುದ್ದಿ ಸಾರಲು ಕಮಿಟಿ ನಮ್ಮನ್ನು ಔರಾದಕ್ಕೂ ಭಾಲ್ಕಿಗೂ ಕಳಿಸಿತು. ಔರಾದಕ್ಕೆ ಹೋದ ದಿನ ಅಲ್ಲಿ ಸಂತೆ. ಆ ಕಡೆಯವರ ಬಾಯಲ್ಲಿ ಅರ್ಧ ಮರಾಠಿ. ಬಹಳ ಮಂದಿಗೆ ಈ ಸೇರುವಿಕೆಯೇ ಬೇಡವಾಗಿತ್ತು. ವಕೀಲರು ಮಾತಾಡಲು ನಿಂತರೆ ಒಬ್ಬ ಬೆಲ್ಲದಂಗಡಿಯವ ಕೂಗಿದ:

"ಮೈಸೂರು ಎಲ್ಲಿ ಬರ್ತದ್ರಿ ವಕೀಲ್ರ? ಅಲ್ಲಿ ಹೋಗಿ ಬರೂದ್ರಾಗ ನಮ್ಮ ಹುಡುಗ ಮುದುಕ ಆಗ್ತಾನ!"

ಸಂತೆಯೆಲ್ಲ ನಕ್ಕಿತು. ವಕೀಲರ ಕಿವಿ ಕೆಂಪಾದವು. ಚಾಚಾ ನಗಾರಿ ಹಿಡಿದು ಎದ್ದರು. ಅವರನ್ನು ನೋಡಿ ಅವನಿಗೆ ಇನ್ನೂ ಹುರುಪು.

"ಏ ಹಬಶಿ ಮಾಮಾ! ನೀ ಯಾವಾಗ ಕನ್ನಡದಾಂವ ಆದಿ?"

"ಇನ್ನಾ ಆಗಿಲ್ಲಪಾ. ಒಂದನೇ ತಾರೀಖಿಗಿ ಆಗ್ತೇನಿ. ನೀನೂ ಅವತ್ತ ಆಗಾಂವ. ಇಬ್ರೂ ಕೂಡೇ ಹೋಗೂಣು ಬಾ."

ಈ ಸಲ ಸಂತೆ ನಕ್ಕದ್ದು ಅಂಗಡಿಯವನನ್ನು ನೋಡಿ. ನಗು ಇಳಿಯುವ ಮೊದಲೇ ಚಾಚಾ ಪೆಟ್ಟು ಹಾಕಿ ಕರೆದರು. ಮೊದಲ ಕರೆಗೆ ಯಾರೂ ಮಿಸುಕಲಿಲ್ಲ. ಚಾಚಾ ನಿಂತರು. ಬರೀ ನಿಂತರು, ಕೈ ಎತ್ತಿದ್ದು ಎತ್ತಿದ ಹಾಗೆಯೇ. ಕಡೆಗೆ ತರಕಾರಿ ಬುಟ್ಟಿಯ ಹಿಂದಿನಿಂದ ಒಬ್ಬ ಮುದುಕಿ, ಅವರ ಕೈ ನೋಯುತ್ತದೆ ಎಂಬಂತೆ, "ಹಾಯಾ" ಅಂದಳು. ನಗಾರಿ ಬಿತ್ತು. ಕಡೆಯ ಕರೆ ಬರುವಷ್ಟರಲ್ಲಿ ಆ ಬೆಲ್ಲದಂಗಡಿಯವನೇ ತಕ್ಕಡಿ ಬಡಿಯುತ್ತಿದ್ದ. "ಯಾವೂರಾಂವ ಅಂತ ಕೇಳ್ತಾರೋ" ಎಂದರೆ ಇಡೀ ಸಂತೆ ತನ್ನ ಮಾತಿನಲ್ಲಿ ಕೂಗಿತು: "ಹಾಯಾ, ಹೇಚ ಗಾವ!" ಇದೇ ಊರು, ಮರಾಠಿಯಲ್ಲಿ.

"ಮರಾಠಿ ಬೆರಸ್ಯಾರಲ್ಲ" ಎಂದು ವಕೀಲರು ಮುಖ ಸಣ್ಣದು ಮಾಡಿದರು. ಚಾಚಾ ಮಾತ್ರ ಹಿಂತಿರುಗುವ ದಾರಿಯೆಲ್ಲ ಮೋಟಾರಿನ ತಗಡು ಬಡಿಯುತ್ತ "ಹೇಚ ಗಾವ, ಹೇಚ ಗಾವ" ಅನ್ನುತ್ತಿದ್ದರು.

ಭಾಲ್ಕಿಯಲ್ಲಿ ಕೈ ಎತ್ತಿ ಕಾಯುತ್ತ ನಿಲ್ಲುವ ಪ್ರಸಂಗವೇ ಬರಲಿಲ್ಲ. ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ಕೂತು ಜವಾಬು ಕೊಟ್ಟರು. ಒಬ್ಬಾಕೆ ಚೀಲದ ಜಾಗದಲ್ಲಿ ಅತ್ತೆಯನ್ನು ಸೇರಿಸಿ "ಅತ್ತಿ ಮಾತು ಭಾರ ಆತೋ" ಎಂದು ತಾನೇ ಹೊಸ ಕರೆ ಎತ್ತಿದಳು. ಉಳಿದವರು ಬಿದ್ದು ಬಿದ್ದು ನಕ್ಕು "ಹಾಯಾ, ನಾ ಹಿಡೀತೇನಿ" ಅಂದರು. ಚಾಚಾ ಬಾರಿಸುವುದು ಬಿಟ್ಟು ಆಕೆಯನ್ನೇ ನೋಡಿದರು. ಅವರ ಕಣ್ಣು ತೇವವಾಗಿತ್ತು.

"ನೋಡಿದೇನ ಬೇಟಿ? ಹಾಡು ಆಕಿ ಕೈಯಾಗ ಹೋತು. ಇನ್ನ ಅದು ನಂದಲ್ಲ."

ಇಷ್ಟು ಸಂತೋಷದಿಂದ ತನ್ನದಲ್ಲ ಎಂದು ಹೇಳಿದ ಇನ್ನೊಬ್ಬರನ್ನು ನಾನು ನೋಡಿಲ್ಲ.

ಬೀದರಿನಲ್ಲಿ ಹೆದರಿಕೆ ಇರಲೇ ಇಲ್ಲ. ಗಂಜಿನ ಮಂದಿ ತಿಂಗಳಿಂದ ಆ ಹಾಡಿನ ಮೇಲೆಯೇ ಚೀಲ ಎತ್ತುತ್ತಿದ್ದರು. ಅಲ್ಲಿ ಚೆಲ್ಲಿದ ಕಾಳು ಬಳಿಯುವ ಭೀಮಬಾಯಿ ಎಲ್ಲರಿಗಿಂತ ಜೋರು. ಚಾಚಾ ಕರೆಯುವ ಮೊದಲೇ ಜವಾಬು ಎಸೆಯುತ್ತಿದ್ದಳು. "ತಡಿಯವಾ, ನಾ ಇನ್ನಾ ಕೇಳಿಲ್ಲ" ಎಂದರೆ, "ನೀ ಕೇಳೂದು ನಂಗೇನ ಹೊಸಾದೇನೋ ಮಾರಾಯಾ, ದಿನಾ ಅದ ಕೇಳ್ತಿ" ಅನ್ನುತ್ತಿದ್ದಳು.

ಒಂದನೇ ತಾರೀಖು ಮಧ್ಯಾಹ್ನ ಕೋಟೆಯ ಮುಂದಿನ ಬಯಲಿನಲ್ಲಿ ಮಂಟಪ. ಹೊರಗಿನಿಂದ ತರಿಸಿದ ಮೈಕು, ಕುರ್ಚಿಗಳು, ಮೈಸೂರಿನ ಕಡೆಯಿಂದ ಬಂದ ಸಾಹೇಬರು. ಗಂಜಿನವರು ಜಳಕ ಮಾಡಿ, ಒಗೆದ ಧೋತರ ಉಟ್ಟು ಬಂದಿದ್ದರು. ಭೀಮಬಾಯಿ ಎಣ್ಣೆ ಹಚ್ಚಿ ತಲೆ ಬಾಚಿದ್ದನ್ನು ನಾನು ಮೊದಲ ಸಲ ನೋಡಿದೆ. ಅವರಿಗೆ ಎಡಗಡೆ ಜಮಖಾನೆ ಹಾಸಿದ್ದರು. ಅಷ್ಟು ಮರ್ಯಾದೆಗೇ ಅವರು ಕಾಲು ಮಡಚಿ, ಕೈ ಕಟ್ಟಿ ಕೂತುಬಿಟ್ಟಿದ್ದರು.

ಚಾಚಾ ಮೈಕಿನ ಎದುರು, ನಾನು ಅವರ ಬೆನ್ನ ಹಿಂದೆ ಪೇಟಿ ಇಟ್ಟುಕೊಂಡು. ಆಗ ವಕೀಲರು ಬಂದು ಮೈಕಿನಲ್ಲಿ ಹೇಳಿದರು. ಕಲಿತು ಬಂದ ಕನ್ನಡ:

"ಮಹನೀಯರೇ, ಈಗ ಹಾಡು. ಹಾಡು ಮುಗಿಯುವವರೆಗೂ ಯಾರೂ ಒಂದು ಸದ್ದು ಸಹ ಮಾಡಬಾರದು. ಮೈಸೂರಿನಲ್ಲಿ ಸಭೆ ಹೇಗಿರುತ್ತದೆಯೋ, ನಮ್ಮಲ್ಲಿಯೂ ಹಾಗೆಯೇ ಇರುತ್ತದೆ ಎಂದು ತೋರಿಸೋಣ." ಆಮೇಲೆ ಮೈಕಿಗೆ ಕೈ ಅಡ್ಡ ಹಿಡಿದು ಎಡಗಡೆ ತಿರುಗಿ, "ಏ, ನಿಮಗಾ ಹೇಳ್ಲತ್ತಿದ್ದು! ಊರ ಮಾನ ನಿಮ್ಮ ಕೈಯಾಗ ಅದ" ಅಂದರು.

ಚಾಚಾ ಏನೋ ಹೇಳಲು ಬಾಯಿ ತೆರೆದರು. "ವಕೀಲ್ರ, ಅವರು ಜವಾಬು..."

"ನೀ ಹಾಡಪಾ, ನಾ ಎಲ್ಲಾ ಬಂದೋಬಸ್ತ ಮಾಡೀನಿ" ಎಂದು ಬೆನ್ನು ತಟ್ಟಿ ವಕೀಲರು ಇಳಿದರು. ಅವರಿಗೆ ಆ ಹಾಡಿನ ಮೇಲೆ ನಿಜವಾಗಿಯೂ ಪ್ರೀತಿ ಇತ್ತು, ಸಂತೆಯ ಒದರಾಟ ಮಾತ್ರ ಸಾಹೇಬರ ಎದುರು ಬೇಡವಾಗಿತ್ತು. ಪ್ರೀತಿಯಿಂದಲೇ ಕೊಂದರು.

"ಜ್ವಾಳದ ಚೀಲಾ ಭಾರ ಆತೋ..."

ಮೈಕಿನಿಂದ ಆ ದನಿ ಕೋಟೆಯ ಗೋಡೆಗೆ ಹೋಗಿ ಬಡಿಯಿತು. ಜವಾಬಿನ ಜಾಗ ಬಂತು. ಬಯಲಿನಲ್ಲಿ ಒಂದು ಕೆಮ್ಮು ಕೂಡ ಇಲ್ಲ. ಅಂಥ ಶಿಸ್ತನ್ನು ಬೀದರ ಹಿಂದೆಂದೂ ಕಂಡಿರಲಿಲ್ಲ.

ನಾನು ಅಂದೆ. "ಹಾಯಾ, ನಾ ಹಿಡೀತೇನಿ." ನನ್ನ ಬದುಕಿನಲ್ಲಿ ಅಷ್ಟು ದೊಡ್ಡದಾಗಿ ನಾನು ಎಂದೂ ಅಂದದ್ದಿಲ್ಲ. ಮಂಟಪದ ಕೆಳಗಿದ್ದ ವಕೀಲರಿಗೆ ಕೇಳಿಸಿರಬೇಕು, ಅವರು ನನ್ನ ಕಡೆ ಬೆರಳೆತ್ತಿದರು. ಚಾಚಾ ತಿರುಗಲಿಲ್ಲ. ಎರಡನೆಯ ಕರೆಗೆ ಮತ್ತೆ ಅಂದೆ. ಅಷ್ಟರಲ್ಲಿ ಮೈಕು ಸಿಳ್ಳು ಹಾಕಿತು.

"ಯಾವೂರಾಂವ ಅಂತ ಕೇಳ್ತಾರೋ, ಏನ ಹೇಳಲೋ..."

ಚಾಚಾ ಕೈ ಎತ್ತಿ ನಿಂತರು. ಔರಾದದಲ್ಲಿ ನಿಂತ ಹಾಗೆಯೇ. ಸಾಹೇಬರು ಪಕ್ಕದವರತ್ತ ಬಾಗಿ ಏನೋ ಕೇಳಿದರು. ಹಾಡು ಮರೆತರೆಂದು ಸಾಹೇಬರು ತಿಳಿದಾರು ಎಂದು ವಕೀಲರು ಗಾಬರಿಯಾಗಿ, "ಮುಂದ, ಮುಂದ" ಎಂದು ಪಿಸುಗುಟ್ಟಿದರು. ಚಾಚಾ ಅವರನ್ನು ನೋಡಲಿಲ್ಲ. ಎಡಗಡೆ, ಜಮಖಾನೆಯ ಮೇಲೆ, ಭೀಮಬಾಯಿಯನ್ನು ನೋಡಿದರು. ತಿಂಗಳಿಂದ ಆ ಪ್ರಶ್ನೆಗೆ ದಿನಕ್ಕೆ ಎಷ್ಟೋ ಸಲ ಜವಾಬು ಕೊಟ್ಟವಳು ಆಕೆ.

ಭೀಮಬಾಯಿ ಅವರು ತನ್ನನ್ನು ನೋಡಿದ್ದಕ್ಕೆ ಹಿಗ್ಗಿ, ತಾವೆಲ್ಲ ಎಷ್ಟು ನೆಟ್ಟಗೆ ಇದ್ದೇವೆ ನೋಡು ಎಂಬಂತೆ, ತುಟಿಯ ಮೇಲೆ ಬೆರಳು ಇಟ್ಟು ತೋರಿಸಿದಳು.

ಎತ್ತಿದ ಕೈ ಇಳಿಯಿತು. ಪೆಟ್ಟು ಬೀಳಲಿಲ್ಲ. ಚಾಚಾ ಬಹಳ ಮೆಲ್ಲಗೆ, ಮನೆಯೊಳಗೆ ಮಾತಾಡಿದ ಹಾಗೆ, ತಾವೇ ಅಂದರು:

"ಹಾಯಾ, ಇದ ಊರು."

ಮೈಕಿದ್ದುದರಿಂದ ಎಲ್ಲರಿಗೂ ಕೇಳಿಸಿತು. ಚಪ್ಪಾಳೆಯೋ ಚಪ್ಪಾಳೆ. ಕಟ್ಟಿದ ಕೈ ಬಿಚ್ಚಿ ಗಂಜಿನವರೂ ಹೊಡೆದರು, ಎಲ್ಲರಿಗಿಂತ ಜೋರಾಗಿ. ಸಾಹೇಬರು ಎದ್ದು, "ಅದ್ಭುತ! ಆ ಕೊನೆಯ ಮೌನ ಇದೆಯಲ್ಲ, ಅದ್ಭುತ!" ಅಂದರು. ವಕೀಲರ ಕಣ್ಣಲ್ಲಿ ನೀರು. ಚಾಚಾನಿಗೆ ಶಾಲು ಹೊದೆಸಿದರು.

ಜನ ಚದುರಿದ ಮೇಲೆ ಮಂಟಪದ ಹಿಂದೆ ಚಾಚಾ ಕೂತಿದ್ದರು. ಭೀಮಬಾಯಿ ಓಡುತ್ತ ಬಂದಳು.

"ಹ್ಯಾಂಗ ಕುಂತಿದ್ದೆವು ನೋಡಿದಿ? ನಾಲಿಗಿ ತುದೀತನಾ ಬಂದಿತ್ತೋ ಯಣ್ಣಾ, ಹಲ್ಲು ಕಚ್ಚಿ ಹಿಡದೆ! ನಿನ್ನ ಸಲುವಾಗಿ!"

"ನೋಡಿದೆ ಭೀಮಬಾಯಿ. ಛಲೋ ಕುಂತಿದ್ರಿ."

"ನಾಳಿ ಗಂಜಿಗಿ ಬಾ, ಇವತ್ತಿಂದೂ ಸೇರಿಸಿ ಒದರ್ತೇವು."

"ಹೂಂ" ಅಂದರು. ಆಕೆ ನಗುತ್ತ ಹೋದಳು. ನಾನು ಪೇಟಿಯ ಪಟ್ಟಿ ಕಟ್ಟಿದೆ. ಕಡೆಗೆ ಹೇಳಿದೆ.

"ಚಾಚಾ, ನಾ ಜವಾಬು ಕೊಟ್ಟಿನ್ರಿ. ಎರಡೂ ಸಲ."

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಮುಖದಲ್ಲಿ ಸಿಟ್ಟಿಲ್ಲ.

"ನಂಗ ಕೇಳಲಿಲ್ಲ ಬೇಟಿ."

"ಮತ್ತೊಮ್ಮೆ ಹಾಡಬಹುದಲ್ರಿ? ನಾಳಿ ಗಂಜಿನಾಗ? ಅವರೆಲ್ಲ ಕೊಡ್ತಾರ್ರಿ."

"ಮಣ್ಣು ಕೊಟ್ಟು ಬಂದೀನಿ. ತಗದು ನೋಡಬಾರದು." ಶಾಲನ್ನು ಮಡಚಿ, ಅದರಲ್ಲಿ ನಗಾರಿ ಸುತ್ತಿಕೊಂಡು ಎದ್ದರು.

ಮರುದಿನ ಗಂಜಿನಲ್ಲಿ ಭೀಮಬಾಯಿ ಜವಾಬು ಎಸೆದಳಂತೆ, ಕರೆ ಬರಲಿಲ್ಲ. ಹಬಶಿಗೆ ಶಾಲು ಬಂದದ್ದೇ ಸೊಕ್ಕು ಬಂತು ಎಂದು ಹಮಾಲರು ಆಡಿಕೊಂಡರು. ಆಕೆಯೂ ಒಂದೆರಡು ತಿಂಗಳು ಮುನಿಸಿಕೊಂಡು, ಆಮೇಲೆ ಮರೆತಳು. ಈಗ ಅವರು ಚೀಲ ಎತ್ತುವಾಗ ಹಳೆಯ ಕೂಗೇ ಕೂಗುತ್ತಾರೆ.

ಈ ವರ್ಷ ವಕೀಲರು ಮತ್ತೆ ಸಾಲೆಗೆ ಬಂದರು. ಆ ಧಾಟಿ ಸಾಯಬಾರದು ಎಂದು ಅವರ ಆಸೆ. ಅದಕ್ಕೆ ತಾವೇ ಶುದ್ಧ ಕನ್ನಡದಲ್ಲಿ ನಾಡಿನ ಪದ ಬರೆದಿದ್ದರು. ಜೋಳವಿಲ್ಲ, ಕಲ್ಲಿಲ್ಲ, ಯಾವ ಊರೆಂದು ಕೇಳುವವರಿಲ್ಲ. ಚಾಚಾನನ್ನು ಕೇಳಿದರಂತೆ. "ಒಯ್ರಿ, ಸತ್ತವರ ಅರಿವಿ ಯಾರು ಉಟ್ರೇನು" ಅಂದರಂತೆ. ವಕೀಲರು ಅದನ್ನು ಒಪ್ಪಿಗೆ ಎಂದು ತಿಳಿದರು.

"ಜವಾಬಿನ ಜಾಗಾ ಖಾಲಿ ಬಿಡೂನ್ರಿ ಸರ" ಎಂದು ನಾನು ಕೇಳಿದೆ. ನನ್ನ ಮಟ್ಟಿಗೆ ಅದು ಜಗಳವೇ.

"ಖಾಲಿ ಬಿಟ್ರ ಹುಡುಗ್ಯಾರು ಮರ್ತಾರ ಅಂತಾರ್ರಿ ಮಂದಿ. ಅಲ್ಲಿ ನಿಮ್ಮ ಪೇಟಿ ನುಡಸ್ರಿ. ಛಂದ ಕೂಡ್ತದ."

ನಿಜ, ಚಂದ ಕೂಡುತ್ತದೆ.

ಹೋದ ವಾರ ತಾಲೀಮು ನಡೆದಿತ್ತು. ಹುಡುಗಿಯರು ಎರಡು ಸಾಲಿನಲ್ಲಿ ನಿಂತು ಹಾಡುತ್ತಿದ್ದರು. ಕಿಟಕಿಯಾಚೆ "ಸರೀರಿ, ಸರೀರಿ" ಹತ್ತಿರ ಬಂತು. ಧಾಟಿ ಕಡೆಯ ಸಾಲಿಗೆ ಬಂದಿತ್ತು. ಜವಾಬಿನ ಜಾಗ ಬಂದಾಗ ನಾನು ಪೇಟಿಯಿಂದ ಕೈ ತೆಗೆದೆ. ಎದ್ದು ಕಿಟಕಿಗೆ ಹೋಗಿ ಸರಳು ಹಿಡಿದು, ಗಂಟಲು ಹರಿಯುವ ಹಾಗೆ ಕೂಗಿದೆ:

"ಹಾಯಾ, ಇದ ಊರು!"

ಕೈಗಾಡಿ ನಿಂತಿತು. ಈ ಸಲ ಕೇಳಿಸಿತ್ತು. ಚಾಚಾನ ಬೆನ್ನು ನನಗೆ ಕಾಣುತ್ತಿತ್ತು, ಬೆವರಿನಿಂದ ಅಂಗಿ ಅಂಟಿದ ಬೆನ್ನು. ಹಿಂದಿನಿಂದ ಬಂದ ಲಾರಿಯವನು ಹಾರ್ನು ಹೊಡೆದ. ಅವರು ನೊಗದ ಹಗ್ಗವನ್ನು ಭುಜದ ಮೇಲೆ ಸರಿಪಡಿಸಿಕೊಂಡರು. ತಿರುಗಲಿಲ್ಲ.

"ಸರೀರಿ, ಸರೀರಿ."

ಗಾಡಿ ಚೌಬಾರಾದ ಕಡೆ ಹೋಯಿತು. ನನ್ನ ಹಿಂದೆ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಮುಂದಿನ ಸಾಲಿನ ಜಾಣೆ ಒಬ್ಬಳು ಕಾಗದ ನೋಡಿ ಹೇಳಿದಳು:

"ಟೀಚರ, ಹಂಗ ಇದ್ರಾಗ ಬರದೇ ಇಲ್ಲಲ್ರಿ."

"ಇಲ್ಲ" ಅಂದೆ. ಬಂದು ಕೂತೆ. "ಮೊದಲಿಂದ ಹಾಡ್ರಿ."

ಜವಾಬಿನ ಜಾಗ ಬಂದಾಗ ಪೇಟಿ ನುಡಿಸಿದೆ.